ಭಾವನ ಮೀಸೆಶಾಸ್ತ್ರ

ನಮ್ಮ ಭಾವನಿಗೆ ಮೀಸೆಯಿಲ್ಲ. ಆದರೂ ಮೀಸೆಯ ವಿಷಯದಲ್ಲಿ ಇಡೀ ಬಾಗಲಗುಂಟೆಯಲ್ಲಿ ಅವರನ್ನು ಮೀರಿಸುವವರಿಲ್ಲ. ನಾನು ಹೇಳುತ್ತಿರುವುದು ಬೆಕ್ಕಿನ ಮೀಸೆ! ನಡಿಗೆ, ಸ್ನಾನ, ತಿಂಡಿ ಎಂದು ಗಡಿಯಾರಕ್ಕೆ ಕಟ್ಟಿಹಾಕಿದ ನನ್ನ ಬೆಳಗನ್ನು ಅವರು ಕೆಡಿಸಿದ್ದು ಇದರಿಂದಲೇ.

ಭಾವ ಎಂದರೆ ನಮ್ಮಕ್ಕನ ಗಂಡ. ನಾನಿರುವುದೂ ಅವರ ಮನೆಯಲ್ಲೇ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸಿ ನಿವೃತ್ತರಾದವರು. ಈಚೆಗೆ ಅವರ ಕಣ್ಣಿನ ಪಕ್ಕದ ನೋಟ ಹೊರಟುಹೋಯಿತು. ಎದುರಿಗಿದ್ದದ್ದು ಕಾಣುತ್ತದೆ, ಎಡಬಲದ ಬಾಗಿಲು, ಬಕೆಟ್ಟು, ಬೈಕು ಯಾವುದೂ ಕಾಣುವುದಿಲ್ಲ. ಹೊರಗೆ ಹೋದರೆ ಯಾರದಾದರೂ ಕೈ ಹಿಡಿದೇ ಹೋಗಬೇಕು ಎಂದರು ಡಾಕ್ಟರು. ಭಾವ ಕೇಳುವವರೇ?

"ಮದುವೆ ದಿನ ಪುರೋಹಿತರು ಹೇಳಿದ್ರು ಅಂತ ಕೈ ಹಿಡಿದೆ. ಈಗ ರಸ್ತೆ ತುಂಬ ಹಿಡ್ಕೊಂಡು ಓಡಾಡ್ಲಾ?"

ಕೋಲೂ ಬೇಡವಂತೆ. ಕೋಲು ಮುದುಕರಿಗಂತೆ. ಎಂಬತ್ತು ಹತ್ತಿರವಾದವರ ಮಾತು ಇದು!

ಅವರು ಗುರುವಾಗಿ ಆರಿಸಿಕೊಂಡದ್ದು ಮನೆಯ ಬೆಕ್ಕನ್ನು. "ಬೆಕ್ಕಿಗೆ ಮೂಗಿನ ಹತ್ತಿರ ಇರೋದು ಸರಿಯಾಗಿ ಕಾಣಲ್ಲ ಕಣಯ್ಯ. ಅದೇನು ಹೆಂಡ್ತಿ ಕೈ ಹಿಡ್ಕೊಂಡು ಓಡಾಡುತ್ತಾ? ಮೀಸೆ ಇದೆ! ಬುಡದಲ್ಲೆಲ್ಲ ನರ. ಗೋಡೆ ತಾಗೋಕೆ ಮುಂಚೆ ಗಾಳೀನೇ ಬಂದು ಸುದ್ದಿ ಹೇಳುತ್ತೆ."

ಮೀಸೆ ತೂರಿದ ಕಡೆ ಮೈ ತೂರುತ್ತದೆ ಎಂಬುದು ಶಾಸ್ತ್ರದ ಮೊದಲ ಸೂತ್ರ. ಅದನ್ನು ಸಾಧಿಸಲು ಬೆಕ್ಕಿನ ಮೀಸೆಯ ಅಗಲ ಅಳೆದು (ಮುಂಗೈಯ ಗೀರುಗಳು ಸಾಕ್ಷಿ) ಅಡುಗೆಮನೆಯ ಬಾಗಿಲಿಗೆ ಕಿಂಡಿ ಕೊರೆದರು. ಕಾರ್ಖಾನೆಯ ಅಭ್ಯಾಸ ನೋಡಿ, ಕೂದಲೆಳೆಯಷ್ಟೂ ಹೆಚ್ಚು ಬಿಡಲಿಲ್ಲ. ಬೆಕ್ಕಿನ ತಲೆ ಹೋಯಿತು. ಭುಜ ಹೋಯಿತು. ಅಕ್ಕ ದಿನವೂ ಹಾಕಿದ ಮೊಸರನ್ನವೆಲ್ಲ ಇದ್ದ ಹೊಟ್ಟೆ ಮಾತ್ರ ಈಚೆಯೇ ಉಳಿಯಿತು! ಅಕ್ಕ ಕೊಬ್ಬರಿ ಎಣ್ಣೆ ಸವರಿ ಎಳೆಯುತ್ತಿದ್ದರೆ ಭಾವ ತೀರ್ಪು ಕೊಟ್ಟರು: "ಕಿಂಡಿ ಸರಿ ಇದೆ. ಮೀಸೇನೂ ಸರಿ ಇದೆ. ಬೆಕ್ಕೇ ಡ್ರಾಯಿಂಗ್ ಪ್ರಕಾರ ಇಲ್ಲ. ರಿಜೆಕ್ಟ್!"

ಆಮೇಲೆ ಪ್ರಯೋಗ ತಮ್ಮ ಮೇಲೆಯೇ. ತೆಂಗಿನ ಪೊರಕೆಯಿಂದ ಉದ್ದನೆಯ ಕಡ್ಡಿಗಳನ್ನು ಆರಿಸಿ, ಭುಜದಗಲಕ್ಕೆ ಚಾಚುವಂತೆ ಕನ್ನಡಕದ ಎರಡೂ ಕಾಲಿಗೆ ರಬ್ಬರ್ ಬ್ಯಾಂಡಿನಿಂದ ಬಿಗಿದರು. ಕೆಳಮನೆಯ ಬಾಡಿಗೆದಾರ ಯಾದಗಿರಿಯವನು, ಕೆಲಸಕ್ಕೆ ಹೊರಟವನು ನಿಂತೇಬಿಟ್ಟ.

"ಏನ್ರೀ ಕಾಕಾ, ಆಂಟೆನಾ ಹಾಕ್ಕೊಂಡೀರೇನ್ರೀ?"

"ಮೀಸೆ ಕಣಯ್ಯ."

"ಮೀಸಿ ಮೂಗಿನ ಕೆಳಗ ಬರ್ತಾವಲ್ರೀ!"

ಇಂಥ ಅಜ್ಞಾನಿಗಳಿಗೆ ಉತ್ತರ ಕೊಡುವುದುಂಟೇ? ಭಾವ ಗೇಟು ದಾಟಿ ಒಬ್ಬರೇ ಹೊರಟರು. ಮನೆಯ ಬಾಗಿಲುಗಳಲ್ಲಿ ಮೀಸೆ ಚೆನ್ನಾಗಿಯೇ ಕೆಲಸ ಮಾಡಿತ್ತು. ಬಸ್ ಸ್ಟಾಪಿನ ಜನಜಂಗುಳಿಯ ಪಾಠ ಮಾತ್ರ ಬೆಕ್ಕು ಹೇಳಿಕೊಟ್ಟಿರಲಿಲ್ಲ. ಮರಳಿ ಬಂದಾಗ ಬಲಗಡೆಯ ಕಡ್ಡಿಯಲ್ಲಿ ಒಂದು ಮೊಳ ಮಲ್ಲಿಗೆ ನೇತಾಡುತ್ತಿತ್ತು!

"ಯಾರ ಮುಡಿಯದು?" ಎಂದಳು ಅಕ್ಕ.

"ನಂಗೇನು ಗೊತ್ತು? ಬಲ ಮೀಸೆ ತಂದಿದ್ದು."

ಅಕ್ಕ ಕಡ್ಡಿಗಳನ್ನು ಕಿತ್ತು ಮುರಿದಳು. ಭಾವನ ಮೊಣಕೈ ತರಚಿ ರಕ್ತ ಬಂದಿತ್ತು. ಅದನ್ನು ತಾನೇ ಕೂತು ತೊಳೆದಳು.

ಮರುದಿನ ಭಾವ ಚಪ್ಪಲಿ ಮೆಟ್ಟುತ್ತಲೇ, "ನಂಗೂ ಸೊಪ್ಪು ತರಬೇಕು" ಎಂದು ಅಕ್ಕನೂ ಹೊರಟಳು. ನಾನು ಹಿಂದೆ. ಅವಳು ಕೈ ಹಿಡಿಯಲಿಲ್ಲ, ಎಚ್ಚರಿಕೆಯನ್ನೂ ಹೇಳಲಿಲ್ಲ. ಎಡಗಡೆ ಅರ್ಧ ಹೆಜ್ಜೆ ಮುಂದಿದ್ದಳು. ವಿದ್ಯುತ್ ಕಂಬ ಬಂದಾಗ ಅವಳ ಸೆರಗು ಅವರ ಮುಂಗೈಗೆ ತಾಗಿತು. ಅವರು ಚೂರು ಬಲಕ್ಕೆ ಸರಿದರು. ಬಲಗಡೆ ಬೈಕುಗಳ ಸಾಲು ಬಂತು. "ಆ ಕಡೆ ಬಿಸಿಲು" ಎನ್ನುತ್ತ ಬಲಕ್ಕೆ ಬಂದಳು. ಸೆರಗು ತಾಗಿತು, ಅವರು ಎಡಕ್ಕೆ ಸರಿದರು.

ಸೊಪ್ಪಿನ ಗಾಡಿಯ ಹತ್ತಿರ ಅಕ್ಕ ಕೊಸರಾಡುತ್ತ ನಿಂತಾಗ ಭಾವ ನನ್ನ ಕಡೆ ಬಾಗಿದರು.

"ಮೋಡ ಮುಚ್ಚಿದೆ ಅಲ್ವೇನಯ್ಯಾ?"

"ಬೆಳಗಿನಿಂದಲೂ."

"ಬಿಸಿಲು ಅಂತಾಳೆ ನೋಡು." ಗಾಡಿಯ ಕಡೆಗೊಮ್ಮೆ ತಿರುಗಿ ನೋಡಿದರು. ಆಮೇಲೆ ದನಿ ಇನ್ನೂ ತಗ್ಗಿಸಿ ಹೇಳಿದರು: "ನಂಗೆ ಗೊತ್ತಾಗಿದೆ ಅಂತ ಅವಳಿಗೆ ಹೇಳ್ಬೇಡ. ಬರೋದು ನಿಲ್ಲಿಸಿಬಿಟ್ಟಾಳು."