ತಡಾ ಇಲ್ಲದ ಸ್ಲೀಪರು

ಐವತ್ನಾಲ್ಕನೇ ಇಸ್ವಿದಾಗ ಮುಂಬೈ ಸರಕಾರದವರು ಜಮಖಂಡಿ ಊರ ಹೊರಗ ಕಾಂಕ್ರೀಟಿನ ರೈಲು ಸ್ಲೀಪರ್ ಮಾಡೂ ಕಾರಖಾನಿ ತಗದ್ರು. ಜಮಖಂಡಿಗೆ ರೈಲು ಇರಲಿಲ್ಲ. ಹಳಿ ಕೆಳಗಿನ ಅಡ್ಡಪಟ್ಟಿ ಮೊದಲ ತಯಾರಾದ್ರ ಹಳಿಗೆ ಬರಾಕ ಅನುಕೂಲ ಅಂತ ಠರಾವ್ ಆಗಿತ್ತು.

ಅಲ್ಲಿ ಹೆಡ್ ಮಿಸ್ತ್ರಿ ಜಕ್ಕಪ್ಪ. ಕಂಬಳಿ ನೇದ ಕೈ ಅದು, ಬಿಗಿ ಅಂದ್ರೇನು ಅನ್ನೂದು ಅವಗ ಯಾರೂ ಹೇಳಬೇಕಾಗಿರಲಿಲ್ಲ. ಅಚ್ಚಿನ್ಯಾಗ ಉಕ್ಕಿನ ತಂತಿ ಮಗ್ಗದ ಹಾಸಿನ ಎಳಿಯಂಗ ಜಗ್ಗಿ ಕಟ್ಟಬೇಕು, ಮ್ಯಾಲ ಕಾಂಕ್ರೀಟ್ ಸುರೀಬೇಕು, ಏಳ ದಿನ ಹಸಿ ಗೋಣಿತಟ್ಟು ಹೊಚ್ಚಬೇಕು, ಆಮ್ಯಾಲ ತಂತಿ ಸಾವಕಾಶ ಸಡ್ಲ ಬಿಡಬೇಕು. ಅವಸರ ಮಾಡಿದ್ರ ತುದೀಗೆ ಫಟ್ಟನ ಬಿರುಕು. ಬಿರುಕು ಬಿದ್ರ ಮಿಸ್ತ್ರಿ ಮನೀಗೆ. ಜಕ್ಕಪ್ಪನ ನೌಕರಿ ಕಾಯಂ ಆಗಾಕ ಎರಡ ತಿಂಗಳಷ್ಟ ಉಳದಿತ್ತು.

ಅಷ್ಟರಾಗ ಮುಂಬೈಯಿಂದ ಮರಾಠಿ ಹುಕುಂ ಬಂತು: "ಸ್ಲೀಪರಲಾ ತಡಾ ಜಾತಾ ಕಾಮಾ ನಯೇ." ಮರಾಠ್ಯಾಗ ತಡಾ ಅಂದ್ರ ಬಿರುಕು. ಸ್ಲೀಪರಿಗೆ ಬಿರುಕು ಬೀಳಬಾರದು ಅಂತ ಬರದಿದ್ರು, ಅಷ್ಟ. ಕಾರಖಾನಿ ಮ್ಯಾನೇಜರ ಬಾಳಾಸಾಹೇಬರು ಮರಾಠಿ ಬರತೈತಿ ಅಂತನ ಆ ಖುರ್ಚಿ ಹಿಡದವರು. "ಕಾಮಾ ಅಂದ್ರ ಕೆಲಸ, ತಡಾ ಅಂದ್ರ ತಡಾ," ಅಂತ ಎಲ್ಲಾರಿಗೂ ಬಿಡಿಸಿ ಹೇಳಿ, ಗ್ವಾಡಿಗೆ ಪ್ರಕಟಣೆ ಹಚ್ಚಿಸಿದ್ರು:

"ಸ್ಲೀಪರ್ ಕಾಮಗಾರಿಯಲ್ಲಿ ತಡ ಆಗತಕ್ಕದ್ದಲ್ಲ. ಏಳು ದಿವಸಗಳ ಕೆಲಸವನ್ನು ಎರಡು ದಿವಸಗಳಲ್ಲಿ ಮುಗಿಸತಕ್ಕದ್ದು. ಕಾಂಕ್ರೀಟು ಸಹ ಈ ಆಜ್ಞೆಗೆ ಬದ್ಧವಾಗಿರತಕ್ಕದ್ದು."

ಎರಡ ದಿನಕ್ಕ ತಂತಿ ಕಡದ್ರ ಸೀಳತೈತ್ರಿ ಅಂತ ಜಕ್ಕಪ್ಪ ಹೋಗಿ ಹೇಳಿದ. ಹುಕುಮಿನ್ಯಾಗ ಬಿರುಕಿನ ಮಾತ ಎಲ್ಲೈತೋ ಅಂದ್ರು ಬಾಳಾಸಾಹೇಬರು. ಕಡಿಸಿದ್ರು. ಮುನ್ನೂರಕ್ಕ ಮುನ್ನೂರೂ ಸೀಳಿದ್ವು. ಜಕ್ಕಪ್ಪ ಮಾತ್ರ ಹಟಕ್ಕ ಬಿದ್ದು ಮತ್ತೊಂದನ್ನ ಮೂಲ್ಯಾಗ ಹಾಕಿ, ಏಳ ದಿನ ಕೂಸಿನಂಗ ಜ್ವಾಕಿ ಮಾಡಿ, ಸಾವಕಾಶ ತಂತಿ ಬಿಟ್ಟ. ಕೂದಲೆಳಿಯಷ್ಟೂ ಬಿರುಕ ಬೀಳಲಿಲ್ಲ.

ಬಾಳಾಸಾಹೇಬರು ಮುಂಬೈಗೆ "ತಡಾ ನಾಹೀ" ಅಂತ ಬರದ್ರು. ಮುಂಬೈದವರು ಬಿರುಕಿಲ್ಲ ಅಂತ ತಿಳದು ಖುಷಿಯಾಗಿ ಶಾಬಾಸಕಿ ಪತ್ರ ಕಳಿಸಿದ್ರು. ಅದರ ಹಿಂದಿಂದ ತಪಾಸಣಿ ಸಾಹೇಬನೂ ಬಂದ.

ಸಾಹೇಬ ಬಗ್ಗಿ, ಬಿರುಕಿನ್ಯಾಗ ಪೆನ್ಸಿಲ್ ಇಳಿಸಿ, "ಹಾ ತಡಾ ಆಹೇ," ಇದು ಬಿರುಕು, ಅಂದ.

"ಒಂದ ತಾಸೂ ತಡಾ ಇಲ್ರಿ ಸಾಹೇಬ್ರ," ಅಂದ್ರು ಬಾಳಾಸಾಹೇಬರು.

ಸಾಹೇಬ ಫೈಲ್ ತಗದ. ತಡಾ ಇಲ್ಲ ಅನ್ನೂ ಮಾತಿನ ಮ್ಯಾಲ ಅವನ ಮ್ಯಾಲಿನವರ ಸಹಿ, ಸಿಕ್ಕಾ ಎರಡೂ ಬಿದ್ದಿದ್ವು. ಮ್ಯಾಲಿನವರ ಸಹಿ ಸುಳ್ಳಾಗೂ ಪದ್ಧತಿ ಸರಕಾರದಾಗ ಇಲ್ಲ. ಅದಕ್ಕ ಸಾಹೇಬ ಒಂದ ಚಾ ಕುಡದು ಶೆರಾ ಬರದ: ಇದು ಬಿರುಕಲ್ಲ, ಕೆಲಸ ಲಗೂ ಮುಗದದ್ದರ ಗುರುತಿನ ಗೀಟು, ಪ್ರತಿ ಸ್ಲೀಪರಿಗೂ ಇರತಕ್ಕದ್ದು. ಮುನ್ನೂರೂ ಪಾಸ್. ಗೀಟ ಇಲ್ಲದ್ದಕ್ಕ ಮೂಲ್ಯಾಗಿಂದು ನಪಾಸ್.

"ಜಕ್ಕಪ್ಪಾ, ಅದಕ್ಕ ಗೀಟ ಬೀಳಬೇಕು," ಅಂದ್ರು ಬಾಳಾಸಾಹೇಬರು. "ಇಲ್ಲಂದ್ರ ನಾಳಿಂದ ನೀ ಬರಬ್ಯಾಡ."

ಜಕ್ಕಪ್ಪ ಉಳಿ ಸುತಿಗಿ ಹಿಡದು ಕುಂತ. ಎರಡ ಉಳಿ ಮುರದ್ವು, ಮೂರನೇದು ಮಣೀತು. ಸ್ಲೀಪರ್ ಜಪ್ಪಯ್ಯ ಅನ್ನಲಿಲ್ಲ. ಇಂಥಾದ್ದನ್ನ ಮುಧೋಳ ಬೀಳಗಿ ರಬಕವಿ ತಿರಗಿದ್ರೂ ಯಾವ ಮಗಾ ಮಾಡಿಲ್ಲ ಅಂತ ಒಂದ ಕಡೆ ಎದಿ ಉಬ್ಬತಿತ್ತು, ನೌಕರಿ ನೆನಪಾಗಿ ಮತ್ತ ಕುಸೀತಿತ್ತು.

ಕಡೀಕ ಬಾಳಾಸಾಹೇಬರು ಮಸಿ ತರಿಸಿ, ತಾವ ಕುಂಚ ಹಿಡದು ತುದೀಗೆ ಒಂದ ಗೀಟ ಎಳದ್ರು. ಸಾಹೇಬ ಅದರಾಗೂ ಪೆನ್ಸಿಲ್ ಇಳಿಸಿ ನೋಡಿದ. ಇಳೀಲಿಲ್ಲ. ಇಳೀತು ಅಂತ ಬರಕೊಂಡ.

"ಹೆಂಗೈತೋ ಜಕ್ಕಪ್ಪಾ?" ಅಂತ ಕೇಳಿದ್ರು ಬಾಳಾಸಾಹೇಬರು.

ಜಕ್ಕಪ್ಪ ಒಂದ ಕಣ್ಣ ಮುಚ್ಚಿ ಅಳತಿ ನೋಡಿದ. "ಸೊಟ್ಟ ಬಂದೈತ್ರಿ. ನಾ ಎಳದಿದ್ರ ದಾರ ಹಿಡದಂಗ ಬರತಿತ್ತು."

ಗೀಟ ಎಳಿಯೂ ಕೆಲಸದ ಮ್ಯಾಲ ಅವನ್ನ ಅವತ್ತ ಕಾಯಂ ಮಾಡಿದ್ರು.