ಭಾವನ ಮೊಣಕೈಯೂ ಹದಿಮೂರು ಸ್ಟ್ರೈಕ್‌ಔಟುಗಳೂ

...ಹದಿಮೂರು ಎಂದೇ ನನ್ನ ನೆನಪು. ಆದರೆ ಆ ನೆನಪನ್ನು ನಂಬುವುದು ಹೇಗೆ? ಅದರಲ್ಲಿ ಬಣ್ಣವಿದೆ! ಚೆಂಡೆಸೆಯುವವನ ಟೋಪಿ ನೀಲಿ, ಟೋಪಿಯ ಮೇಲಿನ ಅಕ್ಷರ ಕಿತ್ತಳೆ, ಎದುರಾಳಿಗಳದ್ದೆಲ್ಲ ಕುಂಕುಮದ ಕೆಂಪು. ಎಪ್ಪತ್ತಮೂರರ ಅಕ್ಟೋಬರಿನಲ್ಲಿ, ನ್ಯೂಜೆರ್ಸಿಯ ಸಮರ್‌ಸೆಟ್‌ನಲ್ಲಿ, ನಮ್ಮ ಅಕ್ಕ-ಭಾವನ ಅಪಾರ್ಟ್‌ಮೆಂಟಿನಲ್ಲಿ ಇದ್ದದ್ದು ಹಿಂದಿನ ಬಾಡಿಗೆದಾರ ಬಿಟ್ಟುಹೋದ ಕಪ್ಪು ಬಿಳುಪು ಟಿವಿ. ಅದರೊಳಗೆ ಕಿತ್ತಳೆ ಎಲ್ಲಿಂದ ಬರಬೇಕು? ಟೋಪಿಯ ವಿಷಯದಲ್ಲಿ ನನಗೆ ಮೋಸ ಮಾಡಿದ ನೆನಪು ಹದಿಮೂರರ ವಿಷಯದಲ್ಲಿ ಮಾತ್ರ ಹರಿಶ್ಚಂದ್ರನಾಗುತ್ತದೆಯೇ?

ಇರಲಿ. ಟೋಪಿ ಸುಳ್ಳಾದರೂ ಭಾವ ಸುಳ್ಳಲ್ಲ. ಬೇಸ್‌ಬಾಲ್ ಎಂಬ ಆಟವನ್ನು ಅಮೆರಿಕದವರು ಹುಟ್ಟಿಸಿದ್ದೇ ತನ್ನ ಬಲಗೈ ಮೊಣಕೈ ನಿರ್ದೋಷಿ ಎಂದು ಸಾಬೀತು ಮಾಡಲಿಕ್ಕೆ ಎಂದು ನಂಬಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರಿಗೆ ನನ್ನ ಅಕ್ಕನನ್ನು ಕೊಟ್ಟಿತ್ತು.

ಮೊಣಕೈಗೆ ಒಂದು ಪುರಾಣವಿದೆ. ಎಂಟು ವರ್ಷದವರಿದ್ದಾಗ ಭಾವ ಸೀಬೆಮರದಿಂದ ಬಿದ್ದರು. ಮೂಳೆ ಕಟ್ಟುವವನು ಬಂದು ಮೊಟ್ಟೆಯ ಲೋಳೆ ಹಚ್ಚಿ, ಬಿದಿರಿನ ದಬ್ಬೆ ಇಟ್ಟು ಕಟ್ಟಿದ. ಮೊಟ್ಟೆ ಮನೆಯೊಳಗೆ ಬರಕೂಡದೆಂದು ಅವರಜ್ಜಿ ಹಿತ್ತಲಲ್ಲೇ, ಸಂಜೆಗತ್ತಲಲ್ಲೇ ಕಟ್ಟಿಸಿದ್ದರಿಂದಲೋ ಏನೋ, ಮೂಳೆ ಕೂಡಿತು, ಕೈ ನೇರವಾಗಲಿಲ್ಲ. ಕುಡುಗೋಲಿನ ಹಾಗೆ ಒಂಚೂರು ಬಾಗಿಯೇ ಉಳಿಯಿತು. ಸಮರ್‌ಸೆಟ್‌ನಲ್ಲಿ ಭಾವ ಎದುರು ಮನೆಯಾತನಿಗೆ ಕೈಬೀಸಿದರೆ, ಬಾ ಎನ್ನುತ್ತಿದ್ದಾರೋ ಹೋಗು ಎನ್ನುತ್ತಿದ್ದಾರೋ ತಿಳಿಯದೆ ಆತ ಎರಡು ಸಲ ಒಳಗೇ ಬಂದು ಕಾಫಿ ಕುಡಿದು ಹೋದ! ಯಾವುದೋ ಕಚೇರಿಯಲ್ಲಿ ಬಲಗೈ ಎತ್ತಿ ಪ್ರಮಾಣ ಮಾಡಬೇಕಾಗಿ ಬಂದಾಗ ಅಲ್ಲಿನ ಹೆಂಗಸು, "ಸ್ಟ್ರೇಟ್ ಅಪ್ ಪ್ಲೀಸ್, ಸರ್" ಎಂದಳಂತೆ. ಭಾವ ಗಂಭೀರವಾಗಿ, "ಮೇಡಂ, ದಿಸ್ ಈಸ್ ಮೈ ಸ್ಟ್ರೇಟ್" ಎಂದರಂತೆ.

ಇಂಥ ಕೈಯಿಂದ ಅವರು ಮೈಸೂರಿನ ಕಾಲೇಜಿನಲ್ಲಿ ವೇಗದ ಬೌಲರ್ ಆಗಿದ್ದರು. ಭಯಂಕರ ವೇಗವಂತೆ. ಹೇಳಿದವರು ಅವರೇ, ಆದ್ದರಿಂದ ನೀವು ಬೇಕಾದಷ್ಟು ಕಳೆದುಕೊಳ್ಳಿ. ಒಂದು ಪಂದ್ಯದಲ್ಲಿ ಸ್ಕ್ವೇರ್ ಲೆಗ್ ಕಡೆ ನಿಂತಿದ್ದ ಅಂಪೈರು, ಈತ ಬೌಲ್ ಮಾಡುತ್ತಿಲ್ಲ, ಎಸೆಯುತ್ತಿದ್ದಾನೆ ಎಂದು ಒಂದೇ ಓವರಿನಲ್ಲಿ ಮೂರು ಸಲ ನೋ-ಬಾಲ್ ಕೂಗಿದರು. ಸುತ್ತ ನಿಂತಿದ್ದ ಹುಡುಗರು, "ಲೇ, ಮಾವಿನಕಾಯಿ ಉದುರಿಸಕ್ಕೆ ಹೋಗೋ!" ಎಂದು ಕೇಕೆ ಹಾಕಿದರು. ಭಾವ ವಾದ ಮಾಡಲಿಲ್ಲ. ಚೆಂಡನ್ನು ಕ್ಯಾಪ್ಟನ್ನನ ಕೈಗೆ ಕೊಟ್ಟು, ಸ್ವೆಟರ್ ಹಾಕಿಕೊಂಡು ಹೊರಟುಹೋದರು. ಆಮೇಲೆ ಚೆಂಡು ಮುಟ್ಟಲಿಲ್ಲ. ಅರ್ಧ ತೋಳಿನ ಅಂಗಿಯನ್ನೂ ಹಾಕಲಿಲ್ಲ. ನ್ಯೂಜೆರ್ಸಿಯ ಜುಲೈ ತಿಂಗಳ ಬೇಗೆಯಲ್ಲೂ ಮುಂಗೈತನಕ ಗುಂಡಿ!

ಆ ಅಂಪೈರು ಯಾರು? ನಮ್ಮಪ್ಪ.

ಅಪ್ಪ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು, ಭಾನುವಾರ ಅಂಪೈರು. ವರ್ಷಗಳಾದ ಮೇಲೆ ಹೆಣ್ಣು ನೋಡಲು ಬಂದ ಅಮೆರಿಕದ ಇಂಜಿನಿಯರು ಉಪ್ಪಿಟ್ಟಿನ ತಟ್ಟೆಗೆ ಕೈ ಚಾಚಿದ್ದೇ ತಡ, ಅಪ್ಪನ ಕಣ್ಣು ಆ ಮೊಣಕೈಯಲ್ಲಿ ನಾಟಿತು.

"ನೀವು... ಪೆವಿಲಿಯನ್ ಎಂಡು?"

"ಹೌದು ಸಾರ್."

ಉಪ್ಪಿಟ್ಟು ಆರಿತು. ಕೊನೆಗೆ ಅಪ್ಪ ಸಂಬಂಧಕ್ಕೆ ಒಪ್ಪಿದರು. ಕಾರಣ ಕೇಳಿದರೆ, "ನೋ-ಬಾಲ್ ಕೊಟ್ಟಾಗ ಒಂದು ಮಾತು ಎದುರಾಡಲಿಲ್ಲ. ಅಂಥವನು ಸಂಸಾರ ಮಾಡ್ತಾನೆ" ಎಂದರು. ಅಪ್ಪನ ಜೀವಮಾನದ ದೊಡ್ಡ ತಪ್ಪುಲೆಕ್ಕ ಅದು! ಅಂದು ಆಡದೆ ಉಳಿಸಿಕೊಂಡ ಎದುರುಮಾತನ್ನೆಲ್ಲ ಭಾವ ತಾಳಿ ಕಟ್ಟಿದ ಮರುದಿನದಿಂದ ಆಡಲು ಶುರುಮಾಡಿದರು. ಅಕ್ಕ ಈಗಲೂ ಹೇಳುತ್ತಾಳೆ: "ಇವರು ನನ್ನನ್ನ ಮದುವೆ ಆಗಿದ್ದು ಇಷ್ಟಪಟ್ಟಲ್ಲ ಕಣೋ. ಕೇಸು ನಡೆಸಕ್ಕೆ!"

ಕೇಸಿಗೆ ಸಾಕ್ಷಿ ಸಿಕ್ಕಿದ್ದು ಅಮೆರಿಕದಲ್ಲಿ. ಬಂದ ಹೊಸದರಲ್ಲಿ ಎದುರು ಮನೆಯಾತ ಭಾವನನ್ನು ತನ್ನ ಟಿವಿಯಲ್ಲಿ ಬೇಸ್‌ಬಾಲ್ ನೋಡಲು ಕರೆದ. ಪಿಚರ್ ಎಂಬಾತ ಕಾಲು ಎದೆಯ ಮಟ್ಟಕ್ಕೆ ಎತ್ತಿ, ಮೊಣಕೈ ಮಡಿಸಿ, ಚಾಟಿಯ ಹಾಗೆ ಬಿಡಿಸಿ ಚೆಂಡನ್ನು ಎಸೆದ. ಬೌಲ್ ಮಾಡಲಿಲ್ಲ, ಎಸೆದ! ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಭಾವ ಟಿವಿಯ ಬಳಿ ಹೋಗಿ ಬಗ್ಗಿ ನೋಡಿ, ಗಾಬರಿಯಿಂದ ಕೇಳಿದರಂತೆ: "ಇವನನ್ನ ಯಾರೂ ಯಾಕೆ ಹಿಡೀತಿಲ್ಲ?"

ಅಂದಿನಿಂದ ಅವರಿಗೆ ರನ್ನು ಬೇಡ, ಗೆಲುವು ಬೇಡ, ಮೊಣಕೈ ಸಾಕು. ಪಿಚರ್‌ಗಳ ಮೊಣಕೈಗಳನ್ನು, ಕೆಲವರು ಶಾಸ್ತ್ರೀಯ ಸಂಗೀತ ಕೇಳುವ ಹಾಗೆ ಕಣ್ಣರಳಿಸಿ ನೋಡುತ್ತಿದ್ದರು. ಹತ್ತಿರದ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಾನು ಶನಿವಾರ ಸಾರಿನಾಸೆಗೆ ಬಂದರೆ, ಸಾರಿಗೆ ಮುಂಚೆ ಮೊಣಕೈ ಬಡಿಸುತ್ತಿದ್ದರು. "ನೋಡೋ ಭಾಮೈದ, ಬಾಗಿದ ಕೈ ತಪ್ಪಲ್ಲ. ಬಾಗಿದ್ದನ್ನ ಎಸೀವಾಗ ನೇರ ಮಾಡೋದು ತಪ್ಪು. ನಂದು ನೇರ ಆಗೋದೇ ಇಲ್ವಲ್ಲೋ! ನಿಮ್ಮಪ್ಪನಿಗೆ ಇಷ್ಟು ಲೆಕ್ಕ ಬರಲ್ವಾ?"

ಆ ಅಕ್ಟೋಬರಿನಲ್ಲಿ ಅಪ್ಪ ಬಂದರು. ವಿಮಾನವೆಂದರೆ ಭಯವೆಂದು ಅಮ್ಮ ಬರಲಿಲ್ಲ. ಪಕ್ಕದ ಕ್ವೀನ್ಸ್‌ನ ಬೇಸ್‌ಬಾಲ್ ತಂಡ, ಎಲ್ಲರೂ ಕೈಬಿಟ್ಟಿದ್ದ ತಂಡ, ಹೇಗೋ ತೆವಳಿಕೊಂಡು ಪ್ಲೇಆಫ್ ತಲುಪಿತ್ತು. ಒಹಾಯೋದ ಬಲಿಷ್ಠರ ವಿರುದ್ಧ ಐದರಲ್ಲಿ ಮೂರು ಗೆದ್ದವರು ಮುಂದಕ್ಕೆ. ಭಾವನಿಗೆ ಅದು ಪ್ಲೇಆಫ್ ಅಲ್ಲ, ವಿಚಾರಣೆಯ ತಾರೀಖು. "ಎರಡು ದಿನ ಸಾಕು, ನಿಮ್ಮಪ್ಪನ ಬಾಯಲ್ಲಿ ತೀರ್ಪು ವಾಪಸ್ ತೆಗೆಸ್ತೀನಿ" ಎಂದು ನನ್ನ ಕಿವಿಯಲ್ಲಿ ಹೇಳಿದರು. ನಗುತ್ತ ಹೇಳಲಿಲ್ಲ. ಮೊದಲ ಸಲ ನನಗನಿಸಿತು, ಇದು ತಮಾಷೆಯಲ್ಲ. ಈ ಮನುಷ್ಯನಿಗೆ ಆ ಮೂರು ಕೂಗು ಇನ್ನೂ ಕೇಳಿಸುತ್ತಿದೆ.

ಮೊದಲ ಪಂದ್ಯದ ದಿನ ವಿಜಯದಶಮಿಯೇ ಇರಬೇಕು. ಏಕೆಂದರೆ ಅಕ್ಕನ ದಸರಾ ಗೊಂಬೆಗಳ ಮೆಟ್ಟಿಲಿಗೆ ಟಿವಿಯೇ ಆಧಾರವಾಗಿತ್ತು. ಅದರ ನೆತ್ತಿಯ ಮೇಲೆ ಪಟ್ಟದ ರಾಜ-ರಾಣಿ, ಅವರ ಹಿಂದೆ ಆಂಟೆನಾದ ಎರಡು ಕೋಡು. ಅಪ್ಪ ಟಿವಿಗೆ ಒಂದು ಮೊಳ ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಅಪ್ಪ, ಹಿಂದೆ ಬನ್ನಿ, ಕಣ್ಣು ಹಾಳಾಗತ್ತೆ."

"ಅಂಪೈರಿಗೆ ಇದೇ ಜಾಗ" ಎಂದರು ಅಪ್ಪ. ಆಮೇಲೆ, "ಈ ಅಂಪೈರು ಏನು, ಕಳ್ಳನ ಹಾಗೆ ಬೆನ್ನ ಹಿಂದೆ ಬಗ್ಗಿ ನಿಂತಿದಾನೆ? ಬೆರಳೆತ್ತಿದ್ರೆ ಸಾಕಲ್ಲ, ಯಾಕಷ್ಟು ಅಬ್ಬರ?"

ಅಷ್ಟರಲ್ಲಿ ಕ್ವೀನ್ಸ್‌ನ ಬಲಗೈ ಪಿಚರ್ ಎಸೆಯತೊಡಗಿದ. ಹೇಗೆ ಹೇಳಲಿ? ಬಾಗಿದರೆ ಅವನ ಮೊಣಕಾಲು ಮಣ್ಣು ಮುಟ್ಟುತ್ತಿತ್ತು. ಚೆಂಡು ಹೊರಟದ್ದು ಕಾಣುತ್ತಿರಲಿಲ್ಲ. ಹಿಂದೆ ಕೂತವನ ಗ್ಲೌಸಿನಲ್ಲಿ ಪಟ್ ಎಂದಾಗ, ಓ, ಬಂತು ಎಂದು ತಿಳಿಯುತ್ತಿತ್ತು. ಎದುರಾಳಿಗಳು ಒಬ್ಬೊಬ್ಬರಾಗಿ ಬಂದು, ಮೂರು ಸಲ ಗಾಳಿ ಬೀಸಿ, ಸ್ಟ್ರೈಕ್‌ಔಟ್ ಎನಿಸಿಕೊಂಡು, ಯಾವುದೋ ದೇವಸ್ಥಾನದಿಂದ ಪ್ರಸಾದ ಸಿಗದೆ ಹೊರಟವರಂತೆ ಹೋದರು. ನಾಲ್ಕು, ಏಳು, ಹತ್ತು... ತನ್ನ ತಂಡಕ್ಕೆ ಸಿಕ್ಕ ಒಂದೇ ಒಂದು ರನ್ನನ್ನೂ ಅವನೇ ಬ್ಯಾಟು ಹಿಡಿದು ತಂದುಕೊಟ್ಟ! ಅಪ್ಪ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಎಂದುಕೊಂಡೆ. "ಶಬ್ದ ಕೇಳು" ಎಂದರು, "ಪ್ರತಿಸಲ ಒಂದೇ ಕಡೆ ಬೀಳ್ತಾ ಇದೆ."

ಭಾವನಿಗೆ ಇದೇ ಸಮಯ ಎನಿಸಿತು. ಡ್ರಾಯರಿನಿಂದ ಆಫೀಸಿನ ಕೋನಮಾಪಕ ತಂದು ಟಿವಿಯ ಗಾಜಿಗೆ ಒತ್ತಿ ಹಿಡಿದರು.

"ಮಾವ, ಈಗ ನೋಡಿ! ಕೈ ಮಡಿಸಿದ... ತೊಂಬತ್ತು ಡಿಗ್ರಿ! ನಂದು ಇಪ್ಪತ್ತೂ ಇಲ್ಲ!"

"ಅಯ್ಯೋ, ಟಿವಿಗೇ ಜಾತಕ ನೋಡ್ತಿದಾರೆ! ರೀ, ರಾಣಿ ಬೀಳ್ತಾಳೆ, ಕೈ ತೆಗೀರಿ" ಎಂದಳು ಅಕ್ಕ.

"ನೀವೇ ಓದಿ ಮಾವ, ಎಷ್ಟಿದೆ ಅಂತ. ನೀವೇ ಓದಿ ಹೇಳಿ!"

ಅಪ್ಪ ಮುಂದಕ್ಕೆ ಬಾಗಿದರು. ಮೂಗು ಗಾಜಿಗೆ ತಾಗುವಷ್ಟು ಬಾಗಿದರು. ಕೋನಮಾಪಕದ ಮೇಲೆ ಬೆರಳಾಡಿಸಿದರು. ಬಹಳ ಹೊತ್ತು ಹಾಗೇ ಇದ್ದು, "ಇರಲಿ, ಆಮೇಲೆ ನೋಡೋಣ" ಎಂದು ಹಿಂದೆ ಸರಿದರು. ಲೆಕ್ಕದ ಮೇಷ್ಟ್ರು! ಭಾವ ಅವರನ್ನೇ ನೋಡಿದರು. ಕೋನಮಾಪಕವನ್ನು ಡ್ರಾಯರಿಗೆ ಹಾಕಿದರು. ಅದು ಮತ್ತೆ ಹೊರಗೆ ಬರಲಿಲ್ಲ. ನನಗೆ ಆಗ ಅರ್ಥವಾಗಲಿಲ್ಲ. ಹದಿಮೂರು ಎಣಿಸುವುದರಲ್ಲಿ ಮುಳುಗಿದ್ದೆ.

ಆಟ ಮುಗಿಯುವ ಹೊತ್ತಿಗೆ ಎದುರಾಳಿಗಳು ಹೊಡೆದ ಒಂದು ಚೆಂಡು ಬೇಲಿ ದಾಟಿತು. ಸಮ. ಕೊನೆಯ ಸರದಿಯಲ್ಲಿ ಇನ್ನೊಂದು ದಾಟಿತು. ಮುಗಿಯಿತು. ಅಷ್ಟು ಜನರನ್ನು ಬರಿಗೈಯಲ್ಲಿ ಕಳಿಸಿದವನು, ತನ್ನ ರನ್ನು ತಾನೇ ದುಡಿದವನು, ಸೋತು, ಗ್ಲೌಸು ಕಂಕುಳಲ್ಲಿಟ್ಟುಕೊಂಡು ನಡೆದು ಹೋದ.

"ತಕರಾರು ಮಾಡಿದನಾ?" ಅಪ್ಪ ಕೇಳಿದರು.

"ಇಲ್ಲ ಮಾವ. ಸುಮ್ನೆ ಹೋದ" ಎಂದರು ಭಾವ.

ಆ ರಾತ್ರಿ ಅಕ್ಕ ವಿಜಯದಶಮಿಯ ಪದ್ಧತಿಯಂತೆ ಪಟ್ಟದ ರಾಜನನ್ನು ಮಲಗಿಸಿ, "ಇವನನ್ನೂ ಆ ಚೆಂಡೆಸೆಯೋನನ್ನೂ ಒಟ್ಟಿಗೇ ಮಲಗಿಸಿದ ಹಾಗಾಯ್ತು" ಎಂದಳು.

ಮರುದಿನ, ಭಾನುವಾರ, ಎಡಗೈಯವನೊಬ್ಬ ಬಂದ. ಎಳೆಯ ಮುಖ. ನಿನ್ನೆ ದೊಡ್ಡಣ್ಣನಿಗೇ ಆಗದ್ದು ಈ ಎಳೆಯನಿಂದ ಆಗುತ್ತದೆಯೇ? ಎದುರಾಳಿಗಳಿಗೆ ಅವನು ಕೊಟ್ಟದ್ದು ಇಡೀ ಮಧ್ಯಾಹ್ನಕ್ಕೆ ಎರಡೇ ಎರಡು ಹೊಡೆತ, ರನ್ನು ಸೊನ್ನೆ! ಭಾವ ಅಂದು ಮೊಣಕೈ ಸುದ್ದಿ ಎತ್ತಲಿಲ್ಲ. ಅಪ್ಪನ ಪಕ್ಕದಲ್ಲಿ ನೆಲದ ಮೇಲೆ ಕೂತು, ಯಾರೂ ಕೇಳದಿದ್ದರೂ, ವರದಿ ಒಪ್ಪಿಸುತ್ತಿದ್ದರು. "ಮಾವ, ಇವನದ್ದು ನೀಲಿ ಟೋಪಿ. ಮೇಲೆ ಕಿತ್ತಳೆ ಅಕ್ಷರ. ಈಗ ಕಾಲೆತ್ತಿದ... ಆ ಕೆಂಪು ಟೋಪಿಯವನು ಬೀಸಿದ, ಸಿಗಲಿಲ್ಲ. ತಲೆ ಅಲ್ಲಾಡಿಸ್ತಾ ಹೋಗ್ತಿದಾನೆ."

"ಹಾಂ" ಎನ್ನುತ್ತಿದ್ದರು ಅಪ್ಪ. "ಹಾಂ. ಭೇಷ್."

ನಾನು ರೇಗಿಸಿದೆ: "ಏನ್ ಭಾವ, ಕಪ್ಪು ಬಿಳುಪು ಟಿವಿಗೆ ಬಾಯಲ್ಲೇ ಬಣ್ಣ ಬಳೀತಿದೀರಾ?"

"ನೀನು ಸುಮ್ನೆ ಚಕ್ಲಿ ತಿನ್ನೋ" ಎಂದರು.

ಕ್ವೀನ್ಸ್‌ನ ತಂಡ ಗೆದ್ದಿತು. ಅಪ್ಪ ಎದ್ದು ಮಫ್ಲರ್ ಸುತ್ತಿಕೊಂಡರು. "ಅಳಿಯಂದಿರೇ, ಒಂದು ಓವರ್ ಹಾಕ್ತೀರಾ?"

ಅಪಾರ್ಟ್‌ಮೆಂಟಿನ ಹಿಂದಿನ ಪಾರ್ಕಿಂಗ್ ಲಾಟು. ಕಾರುಗಳಿಗೆ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು ಎಂದು ಬರೆಯಲು ಕೈ ತುರಿಸುತ್ತದೆ, ಆದರೆ ಅದು ನಾನು ಈಗ ಸೇರಿಸಿದ್ದು, ಬಿಡಿ. ಕಸದ ಡಬ್ಬ ವಿಕೆಟ್ಟಾಯಿತು. ಟೆನಿಸ್ ಚೆಂಡು ಎದುರು ಮನೆಯದು. ಅಪ್ಪ ದಾರಿಯಂಚಿನಲ್ಲಿ ಆರು ಕಲ್ಲು ಆರಿಸಿ, ನನ್ನ ತೋಳು ಹಿಡಿದುಕೊಂಡು ನಡೆದು, ಸ್ಕ್ವೇರ್ ಲೆಗ್ ಜಾಗದಲ್ಲಿ ನಿಂತರು. "ಸರಿಯಾಗಿದೀನಾ?" ಎಂದು ಮೆಲ್ಲಗೆ ನನ್ನನ್ನು ಕೇಳಿದರು. ಸರಿಯಾಗಿಯೇ ಇದ್ದರು. ಬಲಗೈ ಬೌಲರನ ಮೊಣಕೈ ಅಡಗಿಸಲಾಗದ ಜಾಗ ಅದು.

ಭಾವ ಸ್ವೆಟರ್ ಬಿಚ್ಚಿದರು. ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿದರು. ನಾನು ಆ ಮೊಣಕೈಯನ್ನು ಬರಿದಾಗಿ ನೋಡಿದ್ದು ಅಂದೇ ಮೊದಲು. ಬೌಲರು ಮಾಡುವ ಹಾಗೆಯೇ ಸ್ವೆಟರನ್ನು ಅಂಪೈರಿಗೆ ಕೊಟ್ಟರು. ಅಪ್ಪ ಅದನ್ನು ಸೊಂಟಕ್ಕೆ ಕಟ್ಟಿಕೊಂಡರು.

ಆಮೇಲೆ ಭಾವ ಓಡಿ ಬಂದರು. ನಲವತ್ತರ ಹತ್ತಿರದ, ಹೊಟ್ಟೆ ಬಂದ, ಆಫೀಸಿನ ಬೂಟು ಹಾಕಿದ ಮನುಷ್ಯ. ನಗಬೇಕಿತ್ತು. ಅವರೇ ಹೇಳಿಕೊಂಡದ್ದರಲ್ಲಿ ಕಳೆಯುವಂಥದ್ದು ಏನೂ ಇರಲಿಲ್ಲ! ಒಂದೊಂದು ಚೆಂಡೂ ಡಾಂಬರಿಗೆ ತಗುಲಿ ಬುಸ್ಸೆಂದು ಏಳುತ್ತಿತ್ತು. ನಾಲ್ಕು ಡಬ್ಬಕ್ಕೆ ಬಡಿದವು. ಕಿಟಕಿಯಲ್ಲಿ ಅಕ್ಕ ಸೌಟು ಹಿಡಿದೇ ನಿಂತಿದ್ದಳು. ಪ್ರತಿ ಚೆಂಡಿಗೂ ಅಪ್ಪನ ಒಂದು ಜೇಬಿನ ಕಲ್ಲು ಇನ್ನೊಂದು ಜೇಬಿಗೆ ಹೋಯಿತು. ನೋ-ಬಾಲ್ ಎಂಬ ಕೂಗಿಲ್ಲ. ಆರನೆಯದಾದ ಮೇಲೆ ಅಪ್ಪ ಆ ಪುಟ್ಟ ಜಾಗಕ್ಕೆ ಬೇಕಾದ್ದಕ್ಕಿಂತ ತುಂಬ ಗಟ್ಟಿಯಾಗಿ ಕೂಗಿದರು: "ಓವರ್!"

ಅಷ್ಟೇ. ತೀರ್ಪು ತಪ್ಪೆನ್ನಲಿಲ್ಲ, ಸರಿಯೆನ್ನಲಿಲ್ಲ.

ಭಾವ ಏದುಸಿರು ಬಿಡುತ್ತ ಬಂದು ನಿಂತರು. ಅಪ್ಪ ಸ್ವೆಟರ್ ಬಿಚ್ಚಿ ಕೊಡಲಿಲ್ಲ; ತಾವೇ ಅಗಲಿಸಿ ಹಿಡಿದರು. ಗಾಳಿಯಲ್ಲಿ ತಡಕಾಡಿ ಭಾವನ ಬಲಗೈ ಹುಡುಕಿ, ಮೊಣಕೈಯ ಕೆಳಗೆ ಅಂಗೈಯಿಟ್ಟು, ಅದು ಎಷ್ಟು ಬಾಗುತ್ತದೆಯೋ ಅಷ್ಟೇ ಬಾಗಿಸಿ, ಮಗುವಿಗೆ ತೊಡಿಸುವ ಹಾಗೆ ತೋಳಿನೊಳಗೆ ತೂರಿಸಿದರು. ಕೈಯನ್ನು ಬೇಗ ತೆಗೆಯಲಿಲ್ಲ.

ಅಪ್ಪನ ಎರಡು ಕಣ್ಣಿಗೂ ಪೊರೆ ಬಂದಿತ್ತು, ಎಷ್ಟೋ ದಿನದಿಂದ ಮುಚ್ಚಿಟ್ಟಿದ್ದರು ಎಂದು ಅಕ್ಕ ನನಗೆ ಹೇಳಿದ್ದು ಅವರು ಊರಿಗೆ ಮರಳಿದ ಮೇಲೆ. ಭಾವನಿಗೆ ಕೋನಮಾಪಕದ ದಿನವೇ ತಿಳಿದಿತ್ತು. ನನ್ನ ತಲೆಯೊಳಗಿನ ನೀಲಿ ಕಿತ್ತಳೆಗಳು ಅವರು ಬಳಿದವು. ಅಪ್ಪ, ಭಾವ ಇಬ್ಬರೂ ಈಗ ಇಲ್ಲ. ಆ ಸಂಜೆ ಸ್ಕ್ವೇರ್ ಲೆಗ್‌ನಲ್ಲಿ ನಿಂತಿದ್ದ ಅಪ್ಪನಿಗೆ ಭಾವನ ಮೊಣಕೈ ಕಂಡಿತೋ ಇಲ್ಲವೋ, ನನಗೆ ಗೊತ್ತಿಲ್ಲ.