ಹದಿನಾಲ್ಕು ಹೆಜ್ಜೆಯ ಒಳಸಾಗಣೆ

ಪವಾಯಿಯ ಜೀವಕೋಶ ಅಧ್ಯಯನ ಕೇಂದ್ರದಲ್ಲಿ ನೂರೆಂಟನೇ ಕೋಣೆಯಿಂದ ಎದುರಿನ ನೂರೊಂಬತ್ತನೇ ಕೋಣೆಗೆ ಹದಿನಾಲ್ಕು ಹೆಜ್ಜೆ. ಈ ಹದಿನಾಲ್ಕು ಹೆಜ್ಜೆಗಳಿಗೆ ಇಪ್ಪತ್ತೆರಡು ವರ್ಷಗಳಿಂದ ಯಾವ ನಿಯಮವೂ ಇರಲಿಲ್ಲವೆಂಬ ಸಂಗತಿ ಕಳೆದ ಜೂನ್ ತಿಂಗಳಲ್ಲಿ ಆಡಳಿತದ ಗಮನಕ್ಕೆ ಬಂತು.

ಅಷ್ಟೂ ವರ್ಷ ಆ ಹೆಜ್ಜೆಗಳನ್ನು ಹಾಕುತ್ತ ಬಂದವನು ಪ್ಯೂನ್ ಗುರಲಿಂಗಪ್ಪ. ಸೇಡಂ ಕಡೆಯವನು. ಕಾಂದಿವಲಿಯ ಒಂದು ಚಾಳಿನಲ್ಲಿ ಹೆಂಡತಿ ಹನುಮವ್ವನೊಡನೆ ಸಂಸಾರ. ಗಾಜಿನ ತಟ್ಟೆ, ಬಾಟಲಿ, ಫೈಲು, ಚಹಾ, ಏನೇ ಇರಲಿ, "ಎಲ್ಲಿಗ್ರಿ?" ಎಂದು ಕೇಳುತ್ತಿದ್ದ, ಹೇಳಿದಲ್ಲಿಗೆ ಒಯ್ದು ಕೊಡುತ್ತಿದ್ದ. ಇಷ್ಟೊಂದು ಸರಳವಾದ ವ್ಯವಸ್ಥೆ ಒಂದು ವೈಜ್ಞಾನಿಕ ಸಂಸ್ಥೆಯಲ್ಲಿ ಅಷ್ಟು ಕಾಲ ಹೇಗೆ ಬದುಕಿ ಉಳಿಯಿತು ಎಂಬುದಕ್ಕೆ ಇಂದಿಗೂ ಯಾರ ಬಳಿಯೂ ಉತ್ತರವಿಲ್ಲ.

ಸಂಗತಿ ಹೊರಬಿದ್ದದ್ದು ಡಾ. ಪ್ರಿಯಂವದಾಳ ಉಪನ್ಯಾಸದಿಂದ. ಮೈಸೂರಿನಿಂದ ಬಂದ ಈ ಯುವ ಸಂಶೋಧಕಿ, ಜೀವಕೋಶದೊಳಗೆ ಸಾಮಾನು ಸರಂಜಾಮು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೇಗೆ ಹೋಗುತ್ತದೆ ಎಂಬುದನ್ನು ಓದುತ್ತಿದ್ದವಳು. ಅವಳು ಚಿತ್ರ ತೋರಿಸಿ ಹೇಳಿದಳು: ಕೋಶದಲ್ಲಿ ತಯಾರಾದ ಮಾಲನ್ನು ತೆಳುವಾದ ಪೊರೆಯ ಚೀಲದಲ್ಲಿ ಕಟ್ಟುತ್ತಾರೆ. ನಡುವೆ ವಿಂಗಡಣೆಯ ಕಟ್ಟೆಯೊಂದಿದೆ. ಅಲ್ಲಿ ಮಾಲಿಗೆ ಒಂದಿಷ್ಟು ಸಕ್ಕರೆ ಅಂಟಿಸಿ ವಿಳಾಸ ಹಚ್ಚುತ್ತಾರೆ. ಚೀಲವನ್ನು ಎಳೆಯಲು ಹಳಿಯಂಥ ದಾರಿಗಳ ಮೇಲೆ ನಡೆಯುವ ಎರಡು ಬಗೆಯ ವಾಹಕಗಳಿವೆ. ಒಂದು ನಡುವಿನಿಂದ ಅಂಚಿನ ಕಡೆಗೆ ಮಾತ್ರ ಹೋಗುತ್ತದೆ, ಇನ್ನೊಂದು ಅಂಚಿನಿಂದ ನಡುವಿಗೆ ಮಾತ್ರ. ಹೊರಗೆ ಹೋದ ವಾಹಕ ತಾನಾಗಿ ಹಿಂತಿರುಗಲಾರದು. ಎಷ್ಟೋ ಸಲ ಅದನ್ನು ಒಳಗೆ ಬರುವ ವಾಹಕವೇ ಮಾಲಿನ ಹಾಗೆ ಹೊತ್ತು ತರುತ್ತದೆ.

ಅಲ್ಲಿಯವರೆಗೆ ಕಣ್ಣು ಮುಚ್ಚಿ ಆಲಿಸುತ್ತಿದ್ದ ನಿರ್ದೇಶಕ ಸತ್ಯಮೂರ್ತಿಯವರು ಈ ಮಾತಿಗೆ ಎದ್ದು ಕುಳಿತರು.

"ಈ ವ್ಯವಸ್ಥೆ ಎಷ್ಟು ಕಾಲದಿಂದ ನಡೀತಿದೆಯಮ್ಮ?"

"ಕೋಟ್ಯಂತರ ವರ್ಷಗಳಿಂದ, ಸರ್."

"ಒಂದಾದರೂ ಲಿಖಿತ ದೂರು ಬಂದಿದೆಯಾ?"

ಬಂದಿಲ್ಲವೆಂದು ಪ್ರಿಯಂವದಾ ಒಪ್ಪಿಕೊಳ್ಳಬೇಕಾಯಿತು.

ಸೋಮವಾರ ಸುತ್ತೋಲೆ ಹೊರಟಿತು. ಜೀವಕೋಶವನ್ನು ಅಧ್ಯಯನ ಮಾಡುವ ಕೇಂದ್ರವು ಜೀವಕೋಶಕ್ಕಿಂತ ಅಶಿಸ್ತಿನಿಂದ ನಡೆಯುತ್ತಿರುವುದು ವಿಷಾದನೀಯ. ಆದಕಾರಣ ಇನ್ನು ಮುಂದೆ ಪೊರೆಯಿಲ್ಲದೆ ಯಾವ ವಸ್ತುವೂ ಕೋಣೆ ದಾಟತಕ್ಕದ್ದಲ್ಲ. ಎಲ್ಲ ವಸ್ತುಗಳೂ ಆಡಳಿತ ವಿಭಾಗದ ಶ್ರೀಮತಿ ರಂಜನಾ ಅವರ ಮೇಜಿನಲ್ಲಿ ವಿಂಗಡಣೆಗೊಂಡು, ಸಕ್ಕರೆ ಪಡೆದು, ವಿಳಾಸಚೀಟಿಯೊಂದಿಗೆ ಮುಂದುವರಿಯತಕ್ಕದ್ದು. ನಿರ್ದೇಶಕರ ಕೊಠಡಿಯನ್ನು ಕೇಂದ್ರಬಿಂದುವೆಂದು ಘೋಷಿಸಲಾಗಿದೆ. ಶ್ರೀ ಗುರಲಿಂಗಪ್ಪ ಇವರು ಹೊರಮುಖ ವಾಹಕರು. ಇನ್ನೊಬ್ಬ ಪ್ಯೂನ್ ಶ್ರೀ ಕೊರಗ ಇವರು ಒಳಮುಖ ವಾಹಕರು. ಸಂಶೋಧಕರು ಸ್ವತಃ ಏನನ್ನಾದರೂ ಎತ್ತಿಕೊಂಡು ಓಡಾಡುವುದು ಅಥವಾ ವಾಹಕರಿಂದ ನಿಯಮ ಮೀರಿಸುವುದು ಕಂಡುಬಂದಲ್ಲಿ ಅವರ ಸೂಕ್ಷ್ಮದರ್ಶಕದ ಸರದಿಯನ್ನು ರದ್ದುಪಡಿಸಲಾಗುವುದು.

ಪೊರೆಯ ಚೀಲ ಹೊಲಿಯಲು ಟೆಂಡರು ಕರೆಯಲಾಯಿತು. ಟೆಂಡರಿನ ಪ್ರಕಟಣೆಗೂ ಪೊರೆ ಬೇಕಿತ್ತು. ಪೊರೆ ಇನ್ನೂ ಹೊಲಿದಿರಲಿಲ್ಲವಾದ್ದರಿಂದ ಅದು ನಿರ್ದೇಶಕರ ಕೊಠಡಿ ಬಿಟ್ಟು ಹೊರಡಲಿಲ್ಲ. ಹೀಗಾಗಿ ಒಂದೇ ಅರ್ಜಿ ಬಂತು. ಅಂಧೇರಿಯಲ್ಲಿ ಹೊಲಿಗೆ ತರಗತಿ ನಡೆಸುವ ನಿರ್ದೇಶಕರ ಪತ್ನಿಗೆ ಗುತ್ತಿಗೆ ಸಿಕ್ಕಿದ್ದು ಕೇವಲ ಅರ್ಹತೆಯಿಂದ.

ಸುತ್ತೋಲೆಯನ್ನು ಎರಡು ಸಲ ಓದಿಸಿಕೊಂಡ ಗುರಲಿಂಗಪ್ಪ ನಿರ್ದೇಶಕರ ಮುಂದೆ ನಿಂತ.

"ಸಾಹೇಬ್ರ, ನಾ ಹೊರಗ ಹೋದ ಮ್ಯಾಲ ಒಳಗ ಹೆಂಗ ಬರ್ಬೇಕ್ರಿ?"

"ಕೊರಗ ತರ್ತಾನಪ್ಪ."

"ಏನ ತರ್ತಾನ್ರಿ?"

"ನಿನ್ನನ್ನ."

ಗುರಲಿಂಗಪ್ಪ ತನ್ನ ಹೊಟ್ಟೆಯ ಕಡೆ ನೋಡಿಕೊಂಡ. "ನನ್ನ ತೂಕ ಎಂಬತ್ತೆರಡು ಕಿಲೋ ಅದರಿ."

"ಕೋಶದಲ್ಲಿ ಯಾರೂ ತೂಕ ಹೇಳ್ಕೊಂಡು ಕೂರೋದಿಲ್ಲ."

ಅಂದಿನಿಂದ ಗುರಲಿಂಗಪ್ಪ ನೆಲಕ್ಕೆ ಬಳಿದ ಹಳದಿ ಗೆರೆಯ ಮೇಲೆ ಗೇಟಿನವರೆಗೆ ನಡೆದು ಹೋಗುತ್ತಿದ್ದ. ಅಲ್ಲಿ ಕೊರಗ ಅವನನ್ನು ಕುತ್ತಿಗೆಯವರೆಗೆ ನೀಲಿ ಚೀಲದಲ್ಲಿ ತುಂಬಿ, ಸಾಮಾನಿನ ಕೈಗಾಡಿಯಲ್ಲಿ ಕೂರಿಸಿ ಒಳಗೆ ತಳ್ಳುತ್ತಿದ್ದ. ಉಡುಪಿ ಕಡೆಯ ಕೊರಗ ಸಣಕಲು ಮನುಷ್ಯ. "ಎಂತ ಮಾರಾಯ, ನೀನು ಮನುಷ್ಯನಾ ಅಕ್ಕಿಮುಡಿಯಾ?" ಎನ್ನುತ್ತ ಏದುಸಿರು ಬಿಡುತ್ತಿದ್ದ.

ಕಾರಿಡಾರಿನಲ್ಲಿದ್ದ ವಿಂಗಡಣೆಯ ಮೇಜಿನಲ್ಲಿ ರಂಜನಾ ತಡೆಯುತ್ತಿದ್ದಳು. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ಯಾವ ಭಾಷೆಯಲ್ಲಾದರೂ ನಿಯಮ ಹೇಳಬಲ್ಲಳು. "ಅಂಕಲ್, ಟ್ಯಾಗ್ ಕಹಾಂ ಹೈ? ಟ್ಯಾಗ್ ಇಲ್ಲ ಅಂದ್ರೆ ನೀವು ಯಾರು ಅಂತ ನಮ್ಗೆ ಕೈಸೇ ಗೊತ್ತಾಗ್ತದೆ?"

"ನಿನ್ನ ಮದುವ್ಯಾಗ ಪೆಂಡಾಲ್ ಹಾಕಿದವ ನಾನಽ ಅಲ್ಲೇನವಾ?"

"ವೋ ಪರ್ಸನಲ್ ಆಯ್ತು. ಈಗ ನೀವು ಸರಕು."

ಕೊರಳಿಗೆ ಚೀಟಿ ಕಟ್ಟಿ, ಒಂದು ಚಮಚ ಸಕ್ಕರೆಯನ್ನು ಚೀಲದಿಂದ ಹೊರಚಾಚಿದ ಅಂಗೈಗೆ ಹಾಕುತ್ತಿದ್ದಳು. ಮೊದಲ ದಿನ ಗುರಲಿಂಗಪ್ಪ ಅದನ್ನು ಬಾಯಿಗೆ ಹಾಕಿಕೊಂಡ. ಮರುದಿನ ತಿದ್ದುಪಡಿ ಬಂತು: ಸರಕು ತನಗೆ ಅಂಟಿಸಿದ ಸಕ್ಕರೆಯನ್ನು ತಿನ್ನುವಂತಿಲ್ಲ.

ಫೈಲುಗಳಿಗೆ ಸಕ್ಕರೆ, ಪಾರ್ಸಲ್ಲುಗಳಿಗೆ ಸಕ್ಕರೆ. ಚಹಾಕ್ಕೆ ಎರಡನೇ ಸಲ ಸಕ್ಕರೆ. ಜುಲೈ ಹೊತ್ತಿಗೆ ಇರುವೆಗಳು ಬಂದವು. ಅವು ಉಗ್ರಾಣದಿಂದ ಕ್ಯಾಂಟೀನಿನವರೆಗೆ ದಿನವಿಡೀ ಸರಕು ಸಾಗಿಸುತ್ತಿದ್ದವು, ಅದೂ ಎರಡೂ ದಿಕ್ಕಿನಲ್ಲಿ. ಅನುಮತಿಯಿಲ್ಲದೆ ಒಳಸಾಗಣೆ ನಡೆಸಿದ್ದಕ್ಕೆ ಕಾರಣ ಕೇಳಿ ಅವುಗಳಿಗೆ ನೋಟಿಸು ಹೊರಡಿಸಿ, ಗೋಡೆಯ ಬುಡದಲ್ಲಿ ಅವುಗಳ ಕಣ್ಣಿಗೆ ಬೀಳುವಷ್ಟು ಎತ್ತರದಲ್ಲಿ ಅಂಟಿಸಲಾಯಿತು. ನಿಗದಿತ ಅವಧಿಯಲ್ಲಿ ಉತ್ತರ ಬರಲಿಲ್ಲ.

ಇಷ್ಟರಲ್ಲಿ ಪ್ರಿಯಂವದಾಳ ಕೆಲಸ ಕೊನೆಯ ಹಂತಕ್ಕೆ ಬಂದಿತ್ತು. ಎಂಟು ತಿಂಗಳು ಸಾಕಿದ ಕೋಶಗಳು ನೂರೆಂಟನೇ ಕೋಣೆಯ ತಟ್ಟೆಯಲ್ಲಿದ್ದವು. ಅವುಗಳ ಒಳಗಿನ ಚೀಲಗಳು ಹಸಿರು ಬೆಳಕು ಚೆಲ್ಲುವಂತೆ ಅವಳು ಮಾಡಿದ್ದಳು. ಬಣ್ಣ ಹಾಕಿದ ಇಪ್ಪತ್ತು ನಿಮಿಷದೊಳಗೆ ಸೂಕ್ಷ್ಮದರ್ಶಕದ ಕೆಳಗಿಡದಿದ್ದರೆ ಬೆಳಕು ಆರಿ ಕೋಶ ಸಾಯುತ್ತದೆ. ಆ ದೊಡ್ಡ ಸೂಕ್ಷ್ಮದರ್ಶಕ ಎರಡು ವಾರದ ಮಟ್ಟಿಗೆ ಬೇರೆ ಸಂಸ್ಥೆಯಿಂದ ಎರವಲು ಬಂದು ನೂರೊಂಬತ್ತರಲ್ಲಿ ಕೂತಿತ್ತು. ಶುಕ್ರವಾರ ಸಂಜೆ ಅದು ವಾಪಸು. ಈ ಪ್ರಯೋಗ ಕೈತಪ್ಪಿದರೆ ಅವಳ ಫೆಲೋಶಿಪ್ಪೂ ಮುಗಿದಂತೆ.

ತೊಡಕಿದ್ದದ್ದು ಇಲ್ಲಿ. ನೂರೆಂಟು, ನೂರೊಂಬತ್ತು ಎರಡೂ ನಿರ್ದೇಶಕರ ಕೊಠಡಿಯಿಂದ ಸರಿಸಮಾನ ದೂರದಲ್ಲಿದ್ದವು. ಒಂದರಿಂದ ಇನ್ನೊಂದಕ್ಕೆ ಹೋಗುವುದು ಹೊರಮುಖವೂ ಅಲ್ಲ, ಒಳಮುಖವೂ ಅಲ್ಲ. ಅಡ್ಡಮುಖ ವಾಹಕರ ಹುದ್ದೆ ಮಂಜೂರಾಗಿರಲಿಲ್ಲ. ಆದ್ದರಿಂದ ತಟ್ಟೆಯನ್ನು ಕೊರಗ ನಿರ್ದೇಶಕರ ಕೊಠಡಿಗೆ ತರಬೇಕು. ಅಲ್ಲಿಂದ ಗುರಲಿಂಗಪ್ಪ ನೂರೊಂಬತ್ತಕ್ಕೆ ಒಯ್ಯಬೇಕು. ಓಡಿದರೆ ಹದಿನೆಂಟು ನಿಮಿಷ. ಪ್ರಿಯಂವದಾ ಅದಕ್ಕೂ ಸಿದ್ಧಳಾದಳು.

ಗುರುವಾರ ಸಂಜೆ ಗುರಲಿಂಗಪ್ಪನನ್ನು ಒಳಗೆ ತರುತ್ತಿದ್ದ ಕೊರಗನ ಸೊಂಟ ಉಳುಕಿತು. ಅವನು ಮೂರು ದಿನ ರಜೆ ಬರೆದು ಗೋಡೆ ಹಿಡಿದುಕೊಂಡು ಮನೆಗೆ ಹೋದ.

ಶುಕ್ರವಾರ ಬೆಳಿಗ್ಗೆ ಗುರಲಿಂಗಪ್ಪ ಎಂದಿನಂತೆ ಅಂಧೇರಿಯವರೆಗೆ ಲೋಕಲ್ ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಬಂದು ಗೇಟಿನ ಮುಂದೆ ನಿಂತ. ಒಳಗೆ ಹೋಗುವುದು ಒಳಮುಖ ಚಲನೆ. ವಾಚ್‌ಮನ್ ಒಂದು ಕುರ್ಚಿ ಹಾಕಿಕೊಟ್ಟ. ಹೊರಮುಖ ವಾಹಕ ಹೊರಗೇ ಕುಳಿತುಕೊಂಡ.

ಹನ್ನೊಂದು ಗಂಟೆಗೆ ಪ್ರಿಯಂವದಾ ಓಡಿ ಬಂದಳು. ಕಣ್ಣು ತುಂಬಿಕೊಂಡಿತ್ತು.

"ಗುರಲಿಂಗಪ್ಪನವರೇ, ಹದಿನಾಲ್ಕು ಹೆಜ್ಜೆ! ಬರೀ ಹದಿನಾಲ್ಕು!"

ಗುರಲಿಂಗಪ್ಪ ಕುರ್ಚಿಯಿಂದ ಎದ್ದ. ಭಾನುವಾರಗಳಂದೂ ಬಂದು ಆ ತಟ್ಟೆಗೆ ಹನಿಹನಿ ಉಣಿಸುತ್ತಿದ್ದ ಹುಡುಗಿಯನ್ನು ಅವನು ಕಂಡಿದ್ದ. "ಕೂಸು ಹೆಂಗ ಅದರಿ?" ಎಂದು ದಿನಾ ವಿಚಾರಿಸುತ್ತಿದ್ದವನು ಅವನೇ.

"ಮೇಡಂರಿ, ನಾ ಒಳಗ ಕಾಲಿಟ್ರ ನಿಮ್ಮ ಸರದಿ ರದ್ದ ಮಾಡ್ತಾರ್ರಿ. ನಿಮ್ಮ ಕೋಶದಾಗ ಬ್ಯಾರೆ ಹಾದಿನಽ ಇಲ್ಲೇನು? ಎಳ್ಯೋರು ಸಿಗಲಿಲ್ಲಂದ್ರ ಅವು ಏನ ಮಾಡ್ತಾವ?"

ಪ್ರಿಯಂವದಾ ಮೆಲ್ಲಗೆ ಹೇಳಿದಳು: "ಸಣ್ಣ ಕಣಗಳಿಗೆ ವಾಹಕ ಬೇಕಿಲ್ಲ. ಅವು ಗೊತ್ತುಗುರಿಯಿಲ್ಲದೆ ಅಲೆಯುತ್ತವೆ. ಅಲ್ಲಿ ಇಲ್ಲಿ ಡಿಕ್ಕಿ ಹೊಡೆದು, ಯಾವಾಗಲೋ ತಲುಪಿಬಿಡುತ್ತವೆ."

ಇಬ್ಬರೂ ಹೊರಗಿನಿಂದಲೇ ಕಾರಿಡಾರಿನ ಕಿಟಕಿಯ ಬಳಿ ಹೋಗಿ ರಂಜನಾಳನ್ನು ಕರೆದರು. ಸುತ್ತೋಲೆಯಲ್ಲಿ ಅಲೆದಾಟಕ್ಕೆ ನಿಷೇಧ ಇಲ್ಲವೆಂಬುದನ್ನು ಅವಳು ಮೂರು ಸಲ ಓದಿ ಖಚಿತಪಡಿಸಿದಳು. ಉಳಿದದ್ದು ಒಂದೇ ಪ್ರಶ್ನೆ.

"ಅಂಕಲ್ ಸಣ್ಣವರಾ? ಎಯ್ಟಿಟೂ ಕಿಲೋ?"

ಕಡತ ತೆಗೆದು ನೋಡಲಾಯಿತು. ನಾಲ್ಕನೇ ದರ್ಜೆಯ ನೌಕರರನ್ನು ಎಲ್ಲ ಉದ್ದೇಶಗಳಿಗೂ ಸಣ್ಣವರೆಂದು ಪರಿಗಣಿಸತಕ್ಕದ್ದು ಎಂಬ ಹಳೆಯ ಆದೇಶವೊಂದು ಸಿಕ್ಕಿತು. ಗುರಲಿಂಗಪ್ಪನಿಗೆ ತಾನು ಸಣ್ಣವನಾಗಿದ್ದಕ್ಕೆ ಜೀವನದಲ್ಲಿ ಮೊದಲ ಸಲ ಸಂತೋಷವಾಯಿತು.

ಅವನು ಅಲೆಯುತ್ತ ಒಳಗೆ ಬಂದ. ಅಲೆಯುತ್ತ ನೂರೆಂಟಕ್ಕೆ ತಾಗಿದ. ಪ್ರಿಯಂವದಾ ಬಣ್ಣ ಹಾಕಿ, ತಟ್ಟೆಗೆ ಪೊರೆ ತೊಡಿಸಿ ಅವನ ಕೈಗಿತ್ತು ಗಡಿಯಾರ ನೋಡಿದಳು. ಹನ್ನೊಂದೂವರೆ.

ಎದುರಿಗೇ ನೂರೊಂಬತ್ತರ ಬಾಗಿಲು ತೆರೆದಿತ್ತು. ಗುರಲಿಂಗಪ್ಪನ ಕಾಲು ಇಪ್ಪತ್ತೆರಡು ವರ್ಷದ ಅಭ್ಯಾಸದಿಂದ ಅತ್ತಲೇ ಎದ್ದಿತು.

"ಅಂಕಲ್! ಸೀದಾ ಹೋಗ್ತಾ ಇದ್ದೀರಿ! ಉದ್ದೇಶ ದಿಖ್ ರಹಾ ಹೈ!" ರಂಜನಾ ಮೇಜಿನಿಂದಲೇ ಕೂಗಿದಳು.

ಅವನು ತಿರುಗಿ ಗೋಡೆಗೆ ಹಣೆ ತಾಗಿಸಿದ. ಅಲ್ಲಿಂದ ನೀರಿನ ಫಿಲ್ಟರಿಗೆ. ಫಿಲ್ಟರಿನಿಂದ ಗ್ರಂಥಾಲಯಕ್ಕೆ, ಗ್ರಂಥಾಲಯದಿಂದ ನಿರ್ದೇಶಕರ ಕೊಠಡಿಗೆ.

"ಏನಪ್ಪ, ಯಾಕೆ ಬಂದೆ?" ಎಂದರು ಸತ್ಯಮೂರ್ತಿ.

"ಬಂದಿಲ್ರಿ ಸಾಹೇಬ್ರ. ತಲುಪೀನಿ."

ಸತ್ಯಮೂರ್ತಿಯವರು ಈ ಉತ್ತರದಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. ಗುರಲಿಂಗಪ್ಪ ಅವರ ಕಪಾಟಿಗೆ ಡಿಕ್ಕಿ ಹೊಡೆದು ಹೊರಬಿದ್ದ.

ಹದಿನೈದು ನಿಮಿಷ ಕಳೆಯಿತು. ಹದಿನಾರು. ಪ್ರಿಯಂವದಾ ನೂರೊಂಬತ್ತರ ಬಾಗಿಲಲ್ಲಿ ಸೆರಗಿನ ತುದಿ ಕಚ್ಚಿ ನಿಂತಿದ್ದಳು. ದಾರಿ ತೋರಿದರೆ ತಾನೂ ವಾಹಕಳಾಗುತ್ತೇನೆಂದು ಕಣ್ಸನ್ನೆ ಕೂಡ ಮಾಡಲಿಲ್ಲ. ಗುರಲಿಂಗಪ್ಪ ಬೇಕೆಂದು ಆ ಬಾಗಿಲಿಗೆ ಹೋಗುವ ಹಾಗಿಲ್ಲ. ಬೇಡವೆಂದರೆ ಕೂಸು ಉಳಿಯುವುದಿಲ್ಲ. ಮನೆದೇವರನ್ನು ನೆನೆಯೋಣವೆಂದರೆ ಅದೂ ಒಂದು ಉದ್ದೇಶವಾದೀತೇ ಎಂದು ಹೆದರಿದ.

ಹದಿನೆಂಟನೇ ನಿಮಿಷದಲ್ಲಿ ಅವನು ರಂಜನಾಳ ಮೇಜಿನ ಮುಂದೆ ಅಲೆಯುತ್ತಿದ್ದಾಗ ನೆಲದ ಮೇಲೆ ಚೆಲ್ಲಿದ್ದ ಸಕ್ಕರೆಯ ಹರಳುಗಳು ಚಪ್ಪಲಿಯ ಕೆಳಗೆ ಉರುಳಿದವು. ಗುರಲಿಂಗಪ್ಪ ಜರ್ರನೆ ಜಾರಿದ. ಅಂಗಾತ ಬಿದ್ದರೂ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ. ಹಾಗೆಯೇ ಜಾರುತ್ತ ಇರುವೆಗಳ ಸಾಲನ್ನು ದಾಟಿ, ಹೊಸ್ತಿಲನ್ನು ದಾಟಿ, ನೂರೊಂಬತ್ತರ ಸೂಕ್ಷ್ಮದರ್ಶಕದ ಬುಡಕ್ಕೆ ಹೋಗಿ ನಿಂತ. ಒಂದು ಹನಿಯೂ ತುಳುಕಿರಲಿಲ್ಲ.

ರಂಜನಾ ಹಿಂದೆಯೇ ಓಡಿ ಬಂದು ಅವನನ್ನು ಎಬ್ಬಿಸುವ ಮೊದಲು ರಿಜಿಸ್ಟರ್ ಬರೆದಳು: "ಉದ್ದೇಶರಹಿತವಾಗಿ ತಲುಪಿದೆ."

ಪ್ರಿಯಂವದಾ ಕಣ್ಣು ಒರೆಸಿಕೊಂಡು ಗುರಲಿಂಗಪ್ಪನನ್ನೇ ಮೊದಲು ನೋಡಲು ಕರೆದಳು. ಕತ್ತಲೆಯಲ್ಲಿ ಹಸಿರು ಚುಕ್ಕಿಗಳು ಗೆರೆ ಹಿಡಿದು ಸಾಗುತ್ತಿದ್ದವು.

"ಯವ್ವಾ, ಎಷ್ಟ ಜಲ್ದಿ ಹೊಂಟಾವ್ರಿ! ಯಾರ ಸಹಿ ತಗೊಂಡಾವ?"

ಪ್ರಯೋಗ ಯಶಸ್ವಿಯಾಯಿತು. ಯಶಸ್ಸಿನ ಕಾರಣವನ್ನು ಪರಿಶೀಲಿಸಿದ ಸತ್ಯಮೂರ್ತಿಯವರು ಎರಡನೇ ಸುತ್ತೋಲೆ ಹೊರಡಿಸಿದರು. ಗುರಿಯಿಟ್ಟು ನಡೆದಿದ್ದರೆ ವಾಹಕರ ರಜೆ ಮುಗಿಯುವವರೆಗೆ ಮೂರು ದಿನ ಹಿಡಿಯುತ್ತಿದ್ದ ಸಾಗಣೆ, ಗುರಿಯಿಲ್ಲದೆ ಹದಿನೆಂಟು ನಿಮಿಷದಲ್ಲಿ ಆಗಿರುವುದು ದಾಖಲೆಯಿಂದ ಸಾಬೀತಾಗಿದೆ. ಆದ್ದರಿಂದ ಎಲ್ಲ ಸಿಬ್ಬಂದಿಯೂ ಕಚೇರಿಯ ವೇಳೆಯಲ್ಲಿ ಕಡ್ಡಾಯವಾಗಿ ಅಲೆದಾಡತಕ್ಕದ್ದು. ಗುರಲಿಂಗಪ್ಪನಿಗೆ ಹಿರಿಯ ಅಲೆದಾಟಗಾರನಾಗಿ ಬಡ್ತಿ ಕೊಡಲಾಯಿತು. ಮುಂದಿನ ತಿಂಗಳು ತಪಾಸಣೆಗೆ ಬಂದ ತಂಡವು ವಿಜ್ಞಾನಿಗಳು, ಗುಮಾಸ್ತರು, ನಿರ್ದೇಶಕರು ಎಲ್ಲರೂ ಗೋಡೆಗೆ ಡಿಕ್ಕಿ ಹೊಡೆಯುತ್ತ ತಿರುಗುತ್ತಿರುವುದನ್ನು ಕಂಡು, ಇತರ ಕಚೇರಿಗಳಿಗಿಂತ ಭಿನ್ನವಾದದ್ದೇನೂ ಕಾಣಲಿಲ್ಲವೆಂದು ತೃಪ್ತಿ ಸೂಚಿಸಿತು.

ಬಡ್ತಿಯ ಸುದ್ದಿ ಕೇಳಿ ಹನುಮವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಏನ ಕೆಲಸಂದ್ರಿ?"

"ಸುಮ್ನ ಅಡ್ಡಾಡೂದು. ಎಲ್ಲಿಗೆ ಅಂತ ಗೊತ್ತಿರಬಾರದು."

"ನನ್ನ ತಮ್ಮ ಅಣವೀರಪ್ಪ ಊರಾಗ ಹತ್ತು ವರ್ಷದಿಂದ ಅದನ್ನಽ ಮಾಡ್ಲಕತ್ತಾನ. ಅವನ ಸಲುವಾಗಿ ಸಾಹೇಬ್ರಿಗೆ ಒಂದು ಮಾತು ಹೇಳಬಾರದಾ?"

ಗುರಲಿಂಗಪ್ಪ ಹೇಳಿದ. ಗ್ರಾಮ ಪಂಚಾಯತಿಯಿಂದ ಹತ್ತು ವರ್ಷದ ಅನುಭವದ ಪ್ರಮಾಣಪತ್ರ ಬಂತು. ಅಷ್ಟು ದೀರ್ಘ ಅನುಭವವುಳ್ಳ ಅಭ್ಯರ್ಥಿ ಮುಂಬಯಿಯಲ್ಲೇ ಇರಲಿಲ್ಲವಾದ್ದರಿಂದ ಸಂದರ್ಶನವಿಲ್ಲದೆ ನೇಮಕವಾಯಿತು.

ಮೊದಲ ದಿನ ಅಣವೀರಪ್ಪ ಹೊಸ ಅಂಗಿ ತೊಟ್ಟು, ಗೇಟಿನಿಂದ ನೇರವಾಗಿ ತನ್ನ ಕುರ್ಚಿಗೆ ಬಂದು ಕುಳಿತು, "ಮಾವಾ, ಏನರ ಕೆಲಸ ಇದ್ರ ಹೇಳು" ಎಂದ.

ಕಾರಿಡಾರಿನಲ್ಲಿ ಅಲೆಯುತ್ತಿದ್ದವರೆಲ್ಲ ನಿಂತಲ್ಲೇ ನಿಂತರು. ರಂಜನಾ ಕೈಯಲ್ಲಿದ್ದ ಸಕ್ಕರೆಯ ಚಮಚ ಕೆಳಗಿಟ್ಟಳು. ಪ್ರಿಯಂವದಾ ಮುಖ ತಿರುಗಿಸಿಕೊಂಡಳು. ಸತ್ಯಮೂರ್ತಿಯವರು ಎಲ್ಲಿಂದಲೋ ಅಲ್ಲಿಗೆ ತಲುಪಿ, ಅವನಿಗೆ ಕಾರಣ ಕೇಳುವ ನೋಟಿಸು ಕೊಡುವಂತೆ ಹೇಳಿ, ಮತ್ತೆಲ್ಲೋ ಹೊರಟುಹೋದರು.

ಗುರಲಿಂಗಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ಏನಲೇ ಅಣವೀರ, ಇದೇನು ನಿಮ್ಮೂರ ಹೊಲ ಅಂತ ತಿಳದೀ? ಆಫೀಸಿನ್ಯಾಗ ಹಿಂಗ ಮಾಡ್ತಾರೇನು? ನನ್ನ ಮಾನ ಕಳದಿ ನೋಡು."

"ತಪ್ಪಾತು ಮಾವಾ, ಗೊತ್ತಿರಲಿಲ್ಲ," ಎಂದ ಅಣವೀರಪ್ಪ. ಅವನು ಎದ್ದ, ಎಡಕ್ಕೆ ಎರಡು ಹೆಜ್ಜೆ ಇಟ್ಟ, ಕಂಬಕ್ಕೆ ಹಣೆ ಚಚ್ಚಿಕೊಂಡ, ಬಂದ ದಾರಿಗೇ ತಿರುಗಿದ. ಗುರಲಿಂಗಪ್ಪ ಸಮಾಧಾನದ ನಿಟ್ಟುಸಿರು ಬಿಟ್ಟ. ಹುಡುಗ ಕಲಿಯುತ್ತಾನೆ ಎಂದು ಎಲ್ಲರಿಗೂ ಅನ್ನಿಸಿತು.